ಜರ್ಮನ್ ಪಿಂಗಾಣಿಯ ದೇಶನಾಮ ಮುದ್ರೆಗಳು: ಕಾಲನಿರ್ಣಯದ ಆಧಾರ ಮತ್ತು ಮಿತಿ
(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಪರಿಸರವನ್ನು ಅನುಲಕ್ಷಿಸಿ)

ಇಂಡಿ ತಾಲೂಕಿನ ಸಾಲೋಟಗಿಯ ಸ್ತಂಭಶಾಸನ ತನ್ನ ಕಾಲವನ್ನು ತಾನೇ ಹೇಳುತ್ತದೆ: ಶಕವರ್ಷ 867, ಅಂದರೆ ಕ್ರಿ.ಶ. 945. ಅದೇ ನೆಲದ ಹಳೆಯ ವಾಡೆಗಳ ಗೂಡು, ಕಪಾಟುಗಳಲ್ಲಿ ಉಳಿದಿರುವ ಕಪ್ಪು-ಬಸಿ, ಹೂದಾನಿ, ದೇವತಾ ಪ್ರತಿಮೆಗಳಿಗೆ ಆ ಸೌಕರ್ಯವಿಲ್ಲ. ಮನೆಯವರು ಅವನ್ನು ‘ಮುತ್ತಜ್ಜನ ಕಾಲದ್ದು’ ಎನ್ನುತ್ತಾರೆ. ವಿಜಾಪುರದ ಆದಿಲಶಾಹಿ ಅರಮನೆಗಳ ನೆನಪು ಗಾಢವಾಗಿರುವ ಈ ಭಾಗದಲ್ಲಿ ‘ಬಾದಶಾಹಿ ಕಾಲದ್ದು’ ಎನ್ನುವವರೂ ಇಲ್ಲದಿಲ್ಲ. ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿರುವ ಚೀನೀ ಪಿಂಗಾಣಿಗೂ ಈ ಗೃಹೋಪಯೋಗಿ ಸಾಮಗ್ರಿಗೂ ಶತಮಾನಗಳ ಅಂತರವಿರಬಹುದು. ತಳಭಾಗವನ್ನು ತಿರುವಿ ನೋಡಿದರೆ ಸಂದೇಹ ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಯುರೋಪಿನಲ್ಲಿ ನಿಜವಾದ ಪಿಂಗಾಣಿಯ ತಯಾರಿಕೆ ಆರಂಭವಾದದ್ದು ಸ್ಯಾಕ್ಸನಿಯಲ್ಲಿ. ಅಲ್ಲಿಯ ಮೈಸೆನ್ ಕಾರ್ಖಾನೆ 1710ರಲ್ಲಿ ಸ್ಥಾಪಿತವಾಯಿತು. ಅದರ ಜೋಡಿಖಡ್ಗದ ನೀಲಿ ಮುದ್ರೆ 1720ರ ದಶಕದಿಂದ ಪ್ರಚಲಿತ. ಆದರೆ ಈ ಮುದ್ರೆಯನ್ನು ಅನೇಕರು ಅನುಕರಿಸಿರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಸಾಮಾನ್ಯ ರಫ್ತು ಸರಕಿನ ಮಟ್ಟಿಗೆ ಹೆಚ್ಚು ವಿಶ್ವಾಸಾರ್ಹವಾದದ್ದು ಕಾನೂನಿನ ಒತ್ತಾಯದಿಂದ ಬಂದ ದೇಶನಾಮ.

ಬ್ರಿಟನ್ನಿನ ಸರಕು ಮುದ್ರಾ ಕಾಯಿದೆ 1887ರ ಆಗಸ್ಟಿನಲ್ಲಿ ಜಾರಿಗೆ ಬಂದಿತು. ಇಂಗ್ಲಿಷ್ ಸರಕಿನ ಸೋಗಿನಲ್ಲಿ ಬರುತ್ತಿದ್ದ ಪರದೇಶಿ ಮಾಲಿಗೆ, ವಿಶೇಷವಾಗಿ ಜರ್ಮನಿಯದಕ್ಕೆ, ಕಡಿವಾಣ ಹಾಕುವುದು ಅದರ ಉದ್ದೇಶ. ಕಳಂಕವಾಗಲೆಂದು ಹೇರಿದ ‘ಮೇಡ್ ಇನ್ ಜರ್ಮನಿ’ ಎಂಬ ಒಕ್ಕಣೆ ಕೆಲವೇ ದಶಕಗಳಲ್ಲಿ ಗುಣಮಟ್ಟದ ಖಾತರಿಯಾದದ್ದು ವಾಣಿಜ್ಯ ಇತಿಹಾಸದ ವಿನೋದಗಳಲ್ಲೊಂದು. ಭಾರತಕ್ಕೆ ಇದೇ ಧಾಟಿಯ ಕಾಯಿದೆ 1889ರಲ್ಲಿ ಬಂದಿತು. ಅಮೆರಿಕದ ಮೆಕಿನ್ಲಿ ಸುಂಕ ಕಾಯಿದೆಯನ್ವಯ 1891ರ ಮಾರ್ಚಿನಿಂದ ಆಮದು ವಸ್ತುವಿನ ಮೇಲೆ ಮೂಲದೇಶದ ಹೆಸರು ಇಂಗ್ಲಿಷಿನಲ್ಲಿರಬೇಕಾಯಿತು. ಪಾಶ್ಚಾತ್ಯ ಕೈಪಿಡಿಗಳು 1891ನ್ನು ಗೆರೆ ಕೊರೆದಂತೆ ಹೇಳುವುದು ಅಮೆರಿಕದ ಮಾರುಕಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆಗ ಮುಂಬಯಿ ಪ್ರಾಂತದ ಭಾಗವಾಗಿದ್ದ ವಿಜಾಪುರ ಜಿಲ್ಲೆಯ ವಸ್ತುಗಳಿಗೆ 1887 ಮತ್ತು 1889ರ ಕಾಯಿದೆಗಳೇ ಹೆಚ್ಚು ಪ್ರಸ್ತುತ.

ಇಲ್ಲಿ ಸಾಗಾಣಿಕೆಯ ಇತಿಹಾಸವೂ ನೆರವಿಗೆ ಬರುತ್ತದೆ. ಹೊಟಗಿ-ಗದಗ ಮೀಟರ್‌ಗೇಜ್ ರೈಲುಮಾರ್ಗ 1884ರಲ್ಲಿ ತೆರೆಯಿತು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು. ಮುಂಬಯಿ ಬಂದರಿನಲ್ಲಿಳಿದ ಒಡೆಯುವ ಸರಕು ಸೊಲ್ಲಾಪುರ, ಹೊಟಗಿಗಳ ಮೂಲಕ ಇಂಡಿ, ಬಾಗೇವಾಡಿ ನಿಲ್ದಾಣಗಳವರೆಗೆ ಹಳಿಯ ಮೇಲೆ ಬರುವುದು ಇದರಿಂದ ಸಾಧ್ಯವಾಯಿತು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಇರಲಿಲ್ಲ. ಅಲ್ಲಿಗೆ ಕೊನೆಯ ಹಾದಿ ಚಕ್ಕಡಿಯದು.

ಮುದ್ರೆಯ ಪದಗಳನ್ನು ಹೀಗೆ ಓದಬಹುದು. ‘ಜರ್ಮನಿ’ ಎಂಬ ಹೆಸರಿದ್ದರೆ ಸಾಮಾನ್ಯವಾಗಿ ವಸ್ತು 1887ರ ಈಚಿನದು. 1914ರಿಂದ 1918ರವರೆಗೆ ಶತ್ರುದೇಶದೊಡನೆ ವ್ಯಾಪಾರ ನಿಷಿದ್ಧವಾಗಿತ್ತು. ಆ ತೆರವಿನಲ್ಲಿ ಜಪಾನಿನ ಸರಕು ಭಾರತದ ಮಾರುಕಟ್ಟೆಯನ್ನು ವ್ಯಾಪಿಸಿತು. 1939ರ ಸೆಪ್ಟೆಂಬರಿನಲ್ಲಿ ಜರ್ಮನ್ ಆಮದು ಮತ್ತೆ ನಿಂತಿತು. ಆದ್ದರಿಂದ ವಿಭಜನಪೂರ್ವ ಜರ್ಮನಿಯ ಮುದ್ರೆಯುಳ್ಳ ಕಪ್ಪು ಈ ಪ್ರದೇಶಕ್ಕೆ ಹೊಸದಾಗಿ ಬಂದಿದ್ದರೆ ಅದು ಒಂದೋ 1914ಕ್ಕೆ ಮೊದಲು, ಇಲ್ಲವೇ ಎರಡು ಯುದ್ಧಗಳ ನಡುವೆ. ‘ಯು.ಎಸ್. ಝೋನ್’ ಎಂದಿದ್ದರೆ 1945ರಿಂದ 1949ರ ಸುಮಾರು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರಿಂದ 1990. ‘ಚೆಕೊಸ್ಲೊವಾಕಿಯಾ’ 1918ಕ್ಕೆ ಮೊದಲು ಇರಲಾರದು. ಅದೇ ಕಾರ್ಲ್ಸ್‌ಬಾದ್ ಪರಿಸರದ ಮೊದಲಿನ ಸರಕು ‘ಆಸ್ಟ್ರಿಯಾ’ ಎಂದು ಹೇಳಿಕೊಳ್ಳುತ್ತದೆ. ‘ಬವೇರಿಯಾ’ ಮಾತ್ರ ನೆರವಿಗೆ ಬಾರದ ಪದ: ರಾಜ್ಯವಾಗಿ, ಪ್ರಾಂತವಾಗಿ ಆ ಹೆಸರು ಇಂದಿನವರೆಗೂ ಉಳಿದುಬಂದಿದೆ.

ಮಿತಿಗಳನ್ನು ಮರೆಯಲಾಗದು. ದೇಶನಾಮ ಇಲ್ಲದಿರುವುದು ಪ್ರಾಚೀನತೆಗೆ ಸಾಕ್ಷಿಯಲ್ಲ. ಜೋಡಣೆಯ ಸಾಮಾನಿನಲ್ಲಿ ಕೆಲವಕ್ಕೆ ಮಾತ್ರ ಮುದ್ರೆ ಒತ್ತುವ ರೂಢಿಯಿತ್ತು; ಕಾಗದದ ಚೀಟಿ ಅಂಟಿಸಿದ್ದು ಒಂದೆರಡು ತೊಳೆತಕ್ಕೇ ಹೋಗುತ್ತದೆ. ಮೆರುಗಿನ ಕೆಳಗಿರುವ ಮುದ್ರೆ ವಸ್ತುವಿನೊಂದಿಗೇ ಸುಟ್ಟದ್ದು, ಉಗುರಿಗೆ ತಾಕುವುದಿಲ್ಲ. ಮೆರುಗಿನ ಮೇಲಿನದು ಅನಂತರ ಸೇರಿದ್ದಿರಬಹುದು, ಕೆರೆದು ಅಳಿಸಲೂ ಬರುತ್ತದೆ. ಹಳೆಯದೆಂದು ತೋರಿಸಿ ಮಾರುವವರು ‘ಜರ್ಮನಿ’ ಎಂಬ ಪದವನ್ನೇ ಉಜ್ಜಿ ತೆಗೆಯುವುದುಂಟು; ಅಂಥಲ್ಲಿ ಮೆರುಗು ಮಂಕಾಗಿ ಒರಟಾಗಿರುತ್ತದೆ. ಮುದ್ರೆ ತಯಾರಿಕೆಯ ಕಾಲವನ್ನು ಹೇಳುತ್ತದೆಯೇ ಹೊರತು ಮನೆಗೆ ಬಂದ ಕಾಲವನ್ನಲ್ಲ.

ಮೌಖಿಕ ಮಾಹಿತಿ ಸಂಗ್ರಹಿಸುವಾಗ ಇನ್ನೊಂದು ಎಚ್ಚರ ಅವಶ್ಯ. ಈ ಭಾಗದ ಆಡುಮಾತಿನಲ್ಲಿ ‘ಜರ್ಮನ್ ಬೋಗುಣಿ’ ಎಂದರೆ ಅಲ್ಯೂಮಿನಿಯಂ ಪಾತ್ರೆ. ಹಿರಿಯರು ‘ಜರ್ಮನ್ ಸಾಮಾನು ಇತ್ತು’ ಎಂದ ಮಾತ್ರಕ್ಕೆ ಅದು ಪಿಂಗಾಣಿಯಾಗಬೇಕಿಲ್ಲ.

ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಕೊಲ್ಹಾರವೂ ಆಗಿನ ಬಾಗೇವಾಡಿ ತಾಲೂಕಿನ ಅನೇಕ ಹಳ್ಳಿಗಳೂ ಸಂದವು. ಮನೆ ಬಿಟ್ಟು ಹೊರಡುವಾಗ ಕಂಬ-ತೊಲೆಗಳಿಗೆ ಬೆಲೆಯಿತ್ತು, ಬಿರುಕುಬಿಟ್ಟ ಬಸಿಗೆ ಇರಲಿಲ್ಲ. ಉಳಿದವು ಮಾರಾಟಗಾರರ ಕೈ ಸೇರಿದಾಗ ಯಾವ ಊರು, ಯಾವ ಮನೆ ಎಂಬ ಸಂಗತಿ ಕಳಚಿಹೋಗುತ್ತದೆ. ಆಮೇಲೆ ಮುದ್ರೆ ಹೇಳುವುದು ಕಾರ್ಖಾನೆಯ ಚರಿತ್ರೆಯನ್ನಷ್ಟೇ. ಆದಕಾರಣ ವಸ್ತು ಇನ್ನೂ ಮನೆಯಲ್ಲಿರುವಾಗಲೇ ತಳದ ಛಾಯಾಚಿತ್ರ, ಮುದ್ರೆಯ ಬಣ್ಣ, ಅದು ಮೆರುಗಿನ ಮೇಲೋ ಕೆಳಗೋ ಎಂಬ ವಿವರ, ಮದುವೆ ಅಥವಾ ಗೃಹಪ್ರವೇಶದೊಂದಿಗೆ ಮನೆಯವರು ಜೋಡಿಸುವ ನೆನಪು ಇವಿಷ್ಟನ್ನು ಒಂದೇ ಹಾಳೆಯಲ್ಲಿ ದಾಖಲಿಸಬೇಕು. ಕಪ್ಪು ಮತ್ತು ಬಸಿಗಳನ್ನು ಪ್ರತ್ಯೇಕವಾಗಿಯೇ ನಮೂದಿಸತಕ್ಕದ್ದು. ಒಂದು ಒಡೆದಾಗ ಬೇರೆ ದೇಶದ, ಬೇರೆ ಕಾಲದ ಇನ್ನೊಂದು ಅದರ ಜಾಗಕ್ಕೆ ಬಂದಿರುತ್ತದೆ.