ಋತು, ಉಡುಗೆ, ಔಚಿತ್ಯ: ಸೊಲ್ಲಾಪುರ ಸೀಮೆಯ ತರುಣಿಯ ಅಭಿರುಚಿ

ಹರೆಯದ ಹೆಣ್ಣುಮಗಳೊಬ್ಬಳು ಸಮಾರಂಭಕ್ಕೆ ಹೊರಡುವ ಮುನ್ನ ಎರಡು ಉಡುಪುಗಳ ನಡುವೆ ಕ್ಷಣಕಾಲ ತಡೆದು ನಿಂತರೆ, ಹಿರಿಯರು ಅದನ್ನು ಶೋಕಿ ಎಂದು ಕರೆದು ಸುಮ್ಮನಾಗುತ್ತಾರೆ. ವಾಸ್ತವವಾಗಿ ಆ ಕ್ಷಣದಲ್ಲಿ ಆಕೆ ಹಲವು ಸಂಗತಿಗಳನ್ನು ಒಟ್ಟಿಗೆ ತೂಗುತ್ತಿರುತ್ತಾಳೆ. ಹೊರಗಿನ ಬಿಸಿಲು, ಹೋಗಬೇಕಾದ ಸ್ಥಳ, ಕೈಯಲ್ಲಿರುವ ಹಣ, ನೋಡುವವರ ಕಣ್ಣು, ತನ್ನ ಮೈಬಣ್ಣ, ತನ್ನ ಮನಸ್ಸು ಇವೆಲ್ಲವೂ ಆ ತೂಕದೊಳಗೆ ಬರುತ್ತವೆ. ಈ ತೂಗುವಿಕೆಯನ್ನು ಅರ್ಥಮಾಡಿಕೊಳ್ಳಲು ಕನ್ನಡ ವಿದ್ಯಾರ್ಥಿಗಳು ಬೇರೆಲ್ಲೂ ಹೋಗಬೇಕಿಲ್ಲ. ಅವರು ಕಾವ್ಯಮೀಮಾಂಸೆಯಲ್ಲಿ ಓದುವ ‘ಔಚಿತ್ಯ’ ಎಂಬ ಪರಿಕಲ್ಪನೆಯೇ ಇದಕ್ಕೆ ತಕ್ಕ ಅಳತೆಗೋಲು.

ಔಚಿತ್ಯವೆಂಬ ಅಳತೆಗೋಲು

11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ ಎಂಬ ತನ್ನ ಗ್ರಂಥದಲ್ಲಿ ಔಚಿತ್ಯವೇ ಕಾವ್ಯದ ಜೀವಿತವೆಂದು ಪ್ರತಿಪಾದಿಸಿದನು. ಈ ಮಾತನ್ನು ವಿವರಿಸುವಾಗ ಅವನು ಆಯ್ದುಕೊಂಡ ನಿದರ್ಶನ ಉಡುಗೆ-ತೊಡುಗೆಯದು. ಸೊಂಟದ ಪಟ್ಟಿಯನ್ನು ಕೊರಳಿಗೂ, ಕೊರಳ ಹಾರವನ್ನು ಸೊಂಟಕ್ಕೂ, ಕಾಲಿನ ನೂಪುರವನ್ನು ಕೈಗೂ ತೊಟ್ಟವರನ್ನು ಕಂಡು ಯಾರು ತಾನೆ ನಗುವುದಿಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಅಲ್ಲಿ ಆಭರಣದಲ್ಲಿ ದೋಷವಿಲ್ಲ, ಅದು ಇರುವ ಜಾಗದಲ್ಲಿ ದೋಷವಿದೆ. ‘ಅಲಂಕಾರ’ ಎಂಬ ಶಬ್ದವೇ ಕಾವ್ಯಕ್ಕೂ ದೇಹಕ್ಕೂ ಸಮಾನವಾಗಿ ಸಲ್ಲುತ್ತದೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಕ್ಷೇಮೇಂದ್ರನು ಕಾವ್ಯವನ್ನು ತಿಳಿಸಲು ಉಡುಗೆಯನ್ನು ಬಳಸಿದನು. ಅದೇ ದಾರಿಯಲ್ಲಿ ಹಿಂದಿರುಗಿದರೆ ಉಡುಗೆಯ ಅಭಿರುಚಿಯೂ ತಿಳಿಯಾಗುತ್ತದೆ. ಒಂದು ಬಣ್ಣ, ಒಂದು ಬಟ್ಟೆ, ಒಂದು ಹೊಲಿಗೆ ತನ್ನಷ್ಟಕ್ಕೆ ಚೆಲುವಾದುದೂ ಅಲ್ಲ, ಕುರೂಪವಾದುದೂ ಅಲ್ಲ. ಕಾಲ, ದೇಶ, ವ್ಯಕ್ತಿ ಮತ್ತು ಸಂದರ್ಭಗಳೊಡನೆ ಅದು ಹೊಂದಿಕೊಂಡಾಗ ಅಭಿರುಚಿ ಎನಿಸುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಜಿಮ್ಮೆಲ್ 20ನೆಯ ಶತಮಾನದ ಆರಂಭದಲ್ಲಿ ಫ್ಯಾಷನ್ನಿನ ಕುರಿತು ಬರೆಯುತ್ತ, ಇತರರಂತೆ ಕಾಣಬೇಕೆಂಬ ಬಯಕೆ ಹಾಗೂ ಇತರರಿಗಿಂತ ಬೇರೆಯಾಗಿ ಕಾಣಬೇಕೆಂಬ ಬಯಕೆ ಇವೆರಡೂ ಅದರಲ್ಲಿ ಏಕಕಾಲಕ್ಕೆ ಕೆಲಸಮಾಡುತ್ತವೆ ಎಂದು ಗುರುತಿಸಿದನು. ತರುಣಿಯ ಆಯ್ಕೆಯಲ್ಲಿ ಈ ಎರಡು ಸೆಳೆತಗಳೂ ಇವೆ. ಇವುಗಳ ನಡುವೆ ಆಕೆ ತನ್ನ ಔಚಿತ್ಯವನ್ನು ಹುಡುಕುತ್ತಾಳೆ.

ಬೇಸಗೆ, ಮಳೆ, ಚಳಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರದೇಶಗಳು ಮಳೆ ಕಡಿಮೆಯಾದ ಬಯಲುಸೀಮೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಸಾಮಾನ್ಯ. ಇಂಥ ಹವೆಯಲ್ಲಿ ಹತ್ತಿಯ ಬಟ್ಟೆ ಹಿತವೆಂದು ಎಲ್ಲರೂ ಬಲ್ಲರು. ಅದರ ಕಾರಣ ನೂಲಿನ ಗುಣದಲ್ಲಿದೆ. ಸಾಧಾರಣ ಹವೆಯಲ್ಲಿ ಹತ್ತಿಯ ನಾರು ತನ್ನ ತೂಕದ ಸುಮಾರು 8 ಪ್ರತಿಶತದಷ್ಟು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಪಾಲಿಯೆಸ್ಟರ್ ನಾರಿನಲ್ಲಿ ಈ ಪ್ರಮಾಣ ಅರ್ಧ ಪ್ರತಿಶತಕ್ಕಿಂತಲೂ ಕಡಿಮೆ. ಹತ್ತಿ ಬೆವರನ್ನು ಹೀರಿ ಗಾಳಿಗೆ ಒಡ್ಡುತ್ತದೆ, ಬೆವರು ಆರುವಾಗ ಮೈಯ ಶಾಖವನ್ನೂ ಒಯ್ಯುತ್ತದೆ. ಪಾಲಿಯೆಸ್ಟರ್ ಬೆವರನ್ನು ಮೈಮೇಲೆಯೇ ಉಳಿಸುತ್ತದೆ.

ಇದೇ ಗುಣ ಮಳೆಗಾಲದಲ್ಲಿ ತಿರುಗುಮುರುಗಾಗುತ್ತದೆ. ನೀರನ್ನು ಹೀರದ ಬಟ್ಟೆ ಬೇಗ ಒಣಗುತ್ತದೆ. ಎರೆಮಣ್ಣಿನ ಕೆಸರಿನಲ್ಲಿ ನಡೆದು ಬಸ್ಸು ಹಿಡಿದು ಕಾಲೇಜಿಗೆ ಬರುವ ಹಳ್ಳಿಯ ವಿದ್ಯಾರ್ಥಿನಿಯು ಜುಲೈ–ಆಗಸ್ಟ್ ತಿಂಗಳಲ್ಲಿ ಗಾಢ ಬಣ್ಣದ, ಮಿಶ್ರನೂಲಿನ ಸಲ್ವಾರ್ ತೊಟ್ಟರೆ ಅದು ಪರಂಪರೆಯ ಮರೆವಲ್ಲ, ಋತುವಿನ ಅರಿವು. ಹತ್ತಿ ಯಾವಾಗಲೂ ಶ್ರೇಷ್ಠ, ಕೃತಕ ನೂಲು ಯಾವಾಗಲೂ ಕನಿಷ್ಠ ಎಂಬ ಸರಳ ತೀರ್ಪನ್ನು ಔಚಿತ್ಯದ ದೃಷ್ಟಿ ಒಪ್ಪುವುದಿಲ್ಲ.

ಚಳಿಗಾಲದ ನಿದರ್ಶನ ಇನ್ನೂ ಸ್ವಾರಸ್ಯಕರವಾದುದು. ಮಹಾರಾಷ್ಟ್ರದಲ್ಲಿ ಮಂಗಳ ಸಂದರ್ಭಗಳಿಗೆ ಕಪ್ಪು ಬಣ್ಣ ಸಲ್ಲದು. ಆದರೆ ಮಕರ ಸಂಕ್ರಮಣದಂದು ಅದೇ ಕಪ್ಪು ಶುಭವಾಗುತ್ತದೆ. ಹೊಸದಾಗಿ ಮದುವೆಯಾದ ಹೆಣ್ಣಿಗೆ ಕಪ್ಪು ಸೀರೆ ಉಡಿಸಿ, ಎಳ್ಳು-ಸಕ್ಕರೆಯ ಬಿಳಿ ಕುಸುರೆಳ್ಳಿನ ಆಭರಣ ತೊಡಿಸುವ ಪದ್ಧತಿಯಿದೆ. ಕಪ್ಪು ಬಣ್ಣ ಬಿಸಿಲಿನ ಶಾಖವನ್ನು ಹೀರಿ ಚಳಿಯಲ್ಲಿ ಮೈ ಬೆಚ್ಚಗಿಡುತ್ತದೆ ಎಂಬುದು ಜನರು ಕೊಡುವ ವಿವರಣೆ. ಗಡಿಯ ಕನ್ನಡ ಮನೆಗಳಲ್ಲಿಯೂ ಈ ರೂಢಿ ಬೇರೂರಿದೆ. ‘ಚಂದ್ರಕಾಳಿ’ ಎಂಬ ಕಪ್ಪು ಸೀರೆಯ ಹೆಸರು ಕನ್ನಡದ ಹೆಣ್ಣುಮಕ್ಕಳ ಬಾಯಲ್ಲಿದೆ. ಅದೇ ದಿನಗಳಲ್ಲಿ ಸೊಲ್ಲಾಪುರದಲ್ಲಿ 12ನೆಯ ಶತಮಾನದ ವಚನಕಾರ ಸಿದ್ಧರಾಮನ ಜಾತ್ರೆ ನಡೆಯುತ್ತದೆ. ನಂದಿಧ್ವಜಗಳನ್ನು ಹೊರುವ ಪುರುಷರು ಬಿಳಿಯ ಬಾರಾಬಂದಿ ತೊಟ್ಟಿರುತ್ತಾರೆ. ಹೀಗೆ ಒಂದೇ ಹಬ್ಬದ ಬೀದಿಯಲ್ಲಿ ಬಿಳುಪೂ ಕಪ್ಪೂ ತಮ್ಮ ತಮ್ಮ ಜಾಗದಲ್ಲಿ ಉಚಿತವಾಗಿರುತ್ತವೆ.

ಬಣ್ಣವನ್ನು ಹವೆಯೊಂದೇ ನಿರ್ಧರಿಸುವುದಿಲ್ಲ ಎಂಬುದಕ್ಕೆ ಇನ್ನೊಂದು ಗಡಿಯ ಸಾಕ್ಷ್ಯವಿದೆ. ನೀಲಗಿರಿಯ ಬಡಗ ಸಮುದಾಯದವರು ಡಿಸೆಂಬರ್–ಜನವರಿಯ ಚಳಿಯಲ್ಲಿ ಹೆತ್ತೆ ಹಬ್ಬವನ್ನು ಆಚರಿಸುತ್ತಾರೆ. ಬೆಟ್ಟದ ಎತ್ತರದ ಊರುಗಳಲ್ಲಿ, ಸೊಲ್ಲಾಪುರಕ್ಕಿಂತ ಬಹಳ ಹೆಚ್ಚಿನ ಚಳಿಯಿದ್ದರೂ, ಅಲ್ಲಿನ ಹೆಣ್ಣುಮಕ್ಕಳು ಹಬ್ಬಕ್ಕೆ ಉಡುವುದು ಬಿಳಿಯ ಬಟ್ಟೆಯನ್ನು. ಒಂದು ಗಡಿಯಲ್ಲಿ ಚಳಿಗೆ ಕಪ್ಪು, ಇನ್ನೊಂದು ಗಡಿಯಲ್ಲಿ ಚಳಿಗೆ ಬಿಳುಪು. ಋತುವು ಪ್ರಶ್ನೆಯನ್ನು ಕೇಳುತ್ತದೆ, ಉತ್ತರವನ್ನು ಆಯಾ ಸಮುದಾಯದ ನೆನಪು ಕೊಡುತ್ತದೆ.

ಇಳಕಲ್ ಸೀರೆಯ ಸೆರಗು

ಸೊಲ್ಲಾಪುರ ಸೀಮೆಯ ಕನ್ನಡ ಮನೆಗಳ ಪೆಟ್ಟಿಗೆಯಲ್ಲಿ ಇಳಕಲ್ ಸೀರೆ ತಪ್ಪದೆ ಇರುತ್ತದೆ. ಮರಾಠಿಯಲ್ಲಿ ಇದನ್ನು ‘ಇರಕಲ್’ ಎನ್ನುತ್ತಾರೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಈ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಮೈಗೆ ತಾಗುವ ಭಾಗ ಬಿಸಿಲಿಗೆ ಹಿತವಾಗಿರುತ್ತದೆ, ಕಣ್ಣಿಗೆ ಕಾಣುವ ಭಾಗ ಹಬ್ಬಕ್ಕೆ ತಕ್ಕಂತಿರುತ್ತದೆ. ಬಯಲುಸೀಮೆಯ ಹವೆ ಮತ್ತು ಸಂಭ್ರಮ ಇವೆರಡನ್ನೂ ಒಂದೇ ವಸ್ತ್ರದಲ್ಲಿ ಕೂಡಿಸಿದ ಜಾಣ್ಮೆಯಿದು.

ಈ ಎರಡು ಭಾಗಗಳನ್ನು ಕೂಡಿಸುವ ಬಗೆಯೇ ಇಳಕಲ್ಲಿನ ವಿಶೇಷ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಲಾಗಿ ಲಾಳಿ ಒಯ್ಯುವ ನೂಲು ಹೊಕ್ಕು. ಸಾಮಾನ್ಯ ಸೀರೆಯಲ್ಲಿ ಒಡಲಿನ ಹಾಸೇ ಸೆರಗಿನವರೆಗೆ ಮುಂದುವರಿಯುತ್ತದೆ. ಆದ್ದರಿಂದ ಹಸಿರು ಒಡಲಿನ ಸೀರೆಗೆ ಕೆಂಪು ಹೊಕ್ಕು ಹಾಕಿ ಸೆರಗು ನೇಯ್ದರೆ ಅಚ್ಚ ಕೆಂಪು ಬರದು, ಎರಡೂ ಬಣ್ಣಗಳ ಮಿಶ್ರಛಾಯೆ ಬರುತ್ತದೆ. ಇಳಕಲ್ಲಿನ ನೇಕಾರರು ಸೆರಗಿಗಾಗಿ ಬೇರೆಯೇ ಕೆಂಪು ಹಾಸನ್ನು ಸಿದ್ಧಪಡಿಸಿ, ಒಡಲಿನ ಹಾಸಿನ ಎಳೆಎಳೆಗೂ ಅದನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗಾಗಿಯೇ ಆ ಸೆರಗಿನ ಕೆಂಪು ಅಷ್ಟು ಗಾಢ. ಕೆಂಪು ಪಟ್ಟಿಗಳ ನಡುವೆ ಬಿಳಿಯ ವಿನ್ಯಾಸಗಳು ಬರುವ ಈ ಸೆರಗಿಗೆ ‘ತೋಪುತೆನಿ’ ಎಂಬ ಹೆಸರು. ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಗಳನ್ನು ನೆನಪಿಸುವ ಆಕೃತಿಗಳು ಇದರಲ್ಲಿರುತ್ತವೆ. ಜೋಳವನ್ನೇ ಮುಖ್ಯ ಆಹಾರವಾಗಿ ಉಳ್ಳ ನಾಡಿನ ಸೆರಗಿನಲ್ಲಿ ಜೋಳದ ತೆನೆ ಮೂಡಿರುವುದು ಸಹಜವೇ ಆಗಿದೆ.

ಒಡಲಿನಿಂದ ಸೆರಗು ಆರಂಭವಾಗುವ ಗೆರೆಯನ್ನು ಬೆರಳಿನಿಂದ ಸವರಿದರೆ ಈ ಕೊಂಡಿಗಳ ಜೋಡಣೆ ಅರಿವಿಗೆ ಬರುತ್ತದೆ. ವಿದ್ಯುತ್‌ಮಗ್ಗದ ಅಗ್ಗದ ಅನುಕರಣೆಯಲ್ಲಿ ಈ ಗೆರೆ ಇರುವುದಿಲ್ಲ. ಕೆಲವು ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿಯೇ ರಚನೆಯಾಗಿದ್ದರೂ, ಅಂಗಡಿಯಲ್ಲಿ ಕೊನೆಯ ಪರೀಕ್ಷೆ ನಡೆಯುವುದು ಕೊಳ್ಳುವವಳ ಬೆರಳಿನಲ್ಲಿ. ಆ ಗೆರೆಯನ್ನು ಗುರುತಿಸಬಲ್ಲ ತರುಣಿಯು ತಿಳಿದು ಕೊಳ್ಳುತ್ತಾಳೆ, ತಿಳಿದೇ ಬಿಡುತ್ತಾಳೆ. ಹಣವಿಲ್ಲದೆ ಅನುಕರಣೆಯನ್ನು ಕೊಂಡರೂ ಅದು ಅನುಕರಣೆಯೆಂದು ಅವಳಿಗೆ ಗೊತ್ತಿರುತ್ತದೆ.

ವ್ಯಾಪಾರದ ಋತುಗಳು

ಪ್ಯಾರಿಸ್, ಮಿಲಾನ್ ಮೊದಲಾದ ನಗರಗಳ ಫ್ಯಾಷನ್ ಉದ್ಯಮವು ವರ್ಷವನ್ನು ವಸಂತ-ಗ್ರೀಷ್ಮ ಹಾಗೂ ಶರತ್-ಶಿಶಿರ ಎಂಬ ಎರಡು ಭಾಗಗಳಾಗಿ ಒಡೆಯುತ್ತದೆ. ಪ್ರದರ್ಶನಗಳು ಋತು ಬರುವ ಸುಮಾರು ಆರು ತಿಂಗಳು ಮುಂಚೆಯೇ ನಡೆಯುತ್ತವೆ. ಅಂಗಡಿಗಳು ಬೇಡಿಕೆ ಸಲ್ಲಿಸಲು, ಕಾರ್ಖಾನೆಗಳು ಹೊಲಿಯಲು ಈ ಅವಧಿ ಬೇಕು. ಈ ವಿಭಜನೆ ಭಾರತಕ್ಕೆ ಹೊಂದುವುದಿಲ್ಲ. ಮುಂಬಯಿಯ ಲ್ಯಾಕ್ಮೆ ಫ್ಯಾಷನ್ ವೀಕ್ ತನ್ನ ಆವೃತ್ತಿಯೊಂದಕ್ಕೆ ‘ವಿಂಟರ್-ಫೆಸ್ಟಿವ್’ ಎಂಬ ಹೆಸರನ್ನು ಬಳಸಿದೆ. ಇಲ್ಲಿ ಬಟ್ಟೆಯ ಮಾರುಕಟ್ಟೆಯನ್ನು ನಡೆಸುವುದು ಚಳಿಗಿಂತ ಹೆಚ್ಚಾಗಿ ದಸರೆ-ದೀಪಾವಳಿಯ ಹಬ್ಬಗಳು ಮತ್ತು ಮದುವೆಯ ಮುಹೂರ್ತಗಳು ಎಂಬ ಅರಿವು ಆ ಹೆಸರಿನಲ್ಲಿದೆ.

ಸೊಲ್ಲಾಪುರವು ಈ ವ್ಯಾಪಾರವನ್ನು ಒಳಗಿನಿಂದ ಬಲ್ಲ ಊರು. ಇಲ್ಲಿ ಬಟ್ಟೆಯ ಗಿರಣಿಗಳು 19ನೆಯ ಶತಮಾನದಲ್ಲಿಯೇ ಆರಂಭವಾದವು. ತೆಲುಗು ನಾಡಿನಿಂದ ಬಂದು ನೆಲೆಸಿದ ಪದ್ಮಶಾಲಿ ನೇಕಾರರು ಇಲ್ಲಿನ ಚಾದರಕ್ಕೆ ಹೆಸರು ತಂದರು. ಕನ್ನಡ, ಮರಾಠಿ, ತೆಲುಗು ಮೂರೂ ಕೂಡುವ ಇಂಥ ಊರಿನಲ್ಲಿ ಬೆಳೆದ ಹುಡುಗಿಗೆ ನೂಲು, ಬಣ್ಣ, ಮಗ್ಗಗಳ ಮಾತು ಅಪರಿಚಿತವಲ್ಲ.

ಈಚಿನ ವರ್ಷಗಳಲ್ಲಿ ತರುಣಿಯರ ಅಭಿರುಚಿಯು ನೇಯ್ಗೆಯ ಲೋಕದ ಮೇಲೆ ನೇರ ಪರಿಣಾಮ ಬೀರಿದೆ. ಗುಳೇದಗುಡ್ಡದ ಖಣವು ಹಿಂದೆ ಕುಪ್ಪಸಕ್ಕೆ ಮಾತ್ರ ಸೀಮಿತವಾಗಿತ್ತು. ಇಂದು ಅದೇ ಖಣ ಕುರ್ತಾ, ಲಂಗ, ಕೈಚೀಲಗಳ ರೂಪ ತಾಳಿದೆ. ಇಳಕಲ್ ಬಟ್ಟೆಯ ದುಪಟ್ಟಾ, ಕುರ್ತಾಗಳೂ ಬಂದಿವೆ. ಅಜ್ಜಿಯ ಹಳೆಯ ಸೀರೆಯನ್ನು ಕತ್ತರಿಸಿ ಉಡುಪು ಹೊಲಿಸಿದಾಗ ಮನೆಯಲ್ಲಿ ಅಸಮಾಧಾನ ಹುಟ್ಟುವುದುಂಟು. ಆದರೆ ಪೆಟ್ಟಿಗೆಯಲ್ಲಿ ಮಡಿಕೆ ಬಿಟ್ಟು ಹರಿಯುವ ಸೀರೆಗಿಂತ ಮೈಮೇಲೆ ಮತ್ತೆ ಮತ್ತೆ ಬರುವ ಕುರ್ತಾ ಆ ನೇಯ್ಗೆಯನ್ನು ಬಳಕೆಯಲ್ಲಿ ಇರಿಸುತ್ತದೆ ಎಂಬ ವಾದಕ್ಕೂ ಬಲವಿದೆ. ಖಣದ ಹೊಸ ಬಳಕೆಯು ನೇಕಾರರಿಗೆ ಹೊಸ ಬೇಡಿಕೆಯನ್ನು ತಂದಿದೆ. ಹಾಗೆಯೇ ಖಣದ ವಿನ್ಯಾಸವನ್ನು ಅಚ್ಚೊತ್ತಿದ ಅಗ್ಗದ ಬಟ್ಟೆಗೂ ದಾರಿ ತೆರೆದಿದೆ.

ಬಟ್ಟೆಯೊಡನೆ ಉಳಿಯುವ ಪದಗಳು

ಕನ್ನಡ ವಿದ್ಯಾರ್ಥಿಗಳಿಗೆ ಈ ವಿಷಯ ಇನ್ನೊಂದು ಕಾರಣಕ್ಕೂ ಮುಖ್ಯ. ಒಡಲು, ದಡಿ, ಅಂಚು, ಸೆರಗು, ನಿರಿಗೆ, ಹಾಸು, ಹೊಕ್ಕು, ಲಾಳಿ ಮೊದಲಾದವು ಬಟ್ಟೆಯ ಪದಗಳು ಮಾತ್ರವಲ್ಲ. ‘ಹಾಸುಹೊಕ್ಕು’ ಎಂಬ ನುಡಿಗಟ್ಟು ಮಗ್ಗದಿಂದ ಬಂದದ್ದು. ಬೇಡಿಕೊಳ್ಳುವುದಕ್ಕೆ ‘ಸೆರಗೊಡ್ಡು’ ಎನ್ನುತ್ತಾರೆ. ‘ಮಲೆನಾಡಿನ ಸೆರಗು’ ಎಂದಾಗ ಸೆರಗು ಎಂಬುದು ಪ್ರದೇಶದ ಅಂಚಾಗುತ್ತದೆ. ಆ ಅರ್ಥದಲ್ಲಿ ಗಡಿಯ ಕನ್ನಡಿಗರು ಕನ್ನಡದ ಸೆರಗಿನಲ್ಲಿ ಬಾಳುವವರು. ‘ಕುಪ್ಪಸ’ ಸಂಸ್ಕೃತದ ‘ಕೂರ್ಪಾಸ’ದ ತದ್ಭವ. ಅದೇ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಕುಬಸ’ವಾಗಿ, ಗರ್ಭಿಣಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸುವ ಕಾರ್ಯದ ಹೆಸರೂ ಆಗಿದೆ.

ಗಡಿಯಲ್ಲಿ ಈ ಪದಗಳು ನೆರೆಯ ಭಾಷೆಯ ಪದಗಳೊಡನೆ ಬೆರೆತು ಬದುಕುತ್ತವೆ. ಕನ್ನಡದ ಸೆರಗು ಮರಾಠಿಯಲ್ಲಿ ‘ಪದರ’, ದಡಿ ‘ಕಾಠ’. ‘ಪರಕರ’, ‘ಪೋಲಕ’ಗಳು ಮರಾಠಿಯಿಂದ ಕನ್ನಡ ಮನೆಗಳಿಗೆ ಬಂದಿವೆ. ಈ ಕೊಡುಕೊಳ್ಳುವಿಕೆಯಿಂದ ಕನ್ನಡ ಬಡವಾಗಿಲ್ಲ. ಬಡವಾಗುವುದು, ದಡಿಯೂ ಕಾಠವೂ ಒಟ್ಟಿಗೆ ಮರೆಯಾಗಿ ಎಲ್ಲೆಡೆ ‘ಬಾರ್ಡರ್’ ಒಂದೇ ಉಳಿದಾಗ. ಗಿಣಿಹಸಿರು, ನವಿಲುಬಣ್ಣ, ದಾಳಿಂಬೆಗೆಂಪು ಎಂದು ಬೇರ್ಪಡಿಸಿ ಹೇಳಬಲ್ಲವಳ ಕಣ್ಣು ಆ ಛಾಯೆಗಳನ್ನು ಬೇರ್ಪಡಿಸಿ ನೋಡಲು ಪಳಗಿರುತ್ತದೆ. ಹಾಗಾಗಿ ಪದಸಂಪತ್ತು ಅಭಿರುಚಿಯದೇ ಒಂದು ಭಾಗ.

ಯಾರ ಔಚಿತ್ಯ?

ಔಚಿತ್ಯದ ಮಾತು ಬಂದಾಗ ಒಂದು ಎಚ್ಚರಿಕೆ ಅಗತ್ಯ. ಹೆಣ್ಣಿನ ಉಡುಗೆಯ ವಿಷಯದಲ್ಲಿ ‘ಇದು ಉಚಿತವಲ್ಲ’ ಎಂಬ ಮಾತನ್ನು ಅನೇಕ ವೇಳೆ ಆಡುವವರು ಆ ಉಡುಗೆಯನ್ನು ಉಡದವರು. ಹೊರಗಿನಿಂದ ಹೇರಿದ ಕಟ್ಟುಪಾಡಿಗೂ, ಒಳಗಿನಿಂದ ಹೊಂದಿಸಿಕೊಂಡ ಔಚಿತ್ಯಕ್ಕೂ ವ್ಯತ್ಯಾಸವಿದೆ. ಕಾವ್ಯದಲ್ಲಿ ಔಚಿತ್ಯವನ್ನು ಕಾಣುವವನು ಕವಿ, ಉಡುಗೆಯಲ್ಲಿ ಅದನ್ನು ಕಾಣಬೇಕಾದವಳು ಉಡುವವಳು. ಹಿರಿಯರ ಅನುಭವ, ಗೆಳತಿಯರ ಮೆಚ್ಚುಗೆ, ಅಂಗಡಿಯವನ ಸಲಹೆ ಇವೆಲ್ಲ ಅವಳ ತೀರ್ಮಾನಕ್ಕೆ ಸಾಮಗ್ರಿಯಾಗಬಹುದು, ತೀರ್ಮಾನವೇ ಆಗಬಾರದು.

ಕನ್ನಡ ಸಾಹಿತ್ಯ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದೆ. ಅಕ್ಕಮಹಾದೇವಿ ಉಟ್ಟ ಸೀರೆಯನ್ನು ತೊರೆದು, ಕೇಶವನ್ನೇ ಹೊದಿಕೆಯಾಗಿಸಿಕೊಂಡು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನು ಆ ಹೊದಿಕೆಯ ಕುರಿತೇ ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸುತ್ತದೆ. ಅಕ್ಕನ ನಿಲುವು ವೈರಾಗ್ಯದ್ದು. ಇಂದಿನ ತರುಣಿಯ ಆಯ್ಕೆ ಲೌಕಿಕವಾದದ್ದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಒಂದು ಅಂಶ ಅಲ್ಲಿ ಸ್ಪಷ್ಟವಾಗಿದೆ: ಸಭೆಯಲ್ಲಿ ಪ್ರಶ್ನೆ ಎದ್ದಾಗ ಉತ್ತರ ಕೊಟ್ಟವಳು ಸ್ವತಃ ಅಕ್ಕ.

ಈ ವಿಷಯದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ತಮ್ಮ ಮನೆಯ ಪೆಟ್ಟಿಗೆಯಿಂದಲೇ ಅಧ್ಯಯನ ಆರಂಭಿಸಬಹುದು. ಅಜ್ಜಿ, ತಾಯಿ, ಮಗಳು ಈ ಮೂರು ತಲೆಮಾರಿನ ಉಡುಪುಗಳನ್ನು ಋತುಗಳ ಪ್ರಕಾರ ವಿಂಗಡಿಸಿ, ಪ್ರತಿಯೊಂದರ ಬಣ್ಣ, ದಡಿ, ನೂಲುಗಳಿಗೆ ಅವರವರು ಬಳಸುವ ಹೆಸರನ್ನು ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಕೊಂಡವರು ಯಾರು, ಆರಿಸಿದವರು ಯಾರು ಎಂಬ ಪ್ರಶ್ನೆಯನ್ನೂ ಕೇಳಬೇಕು. ಮೂರು ತಲೆಮಾರುಗಳಲ್ಲಿ ಆ ಉತ್ತರ ಹೇಗೆ ಬದಲಾಗಿದೆ ಎಂಬುದನ್ನು ಗಮನಿಸಿದರೆ, ಸೀಮೆಯ ಹೆಣ್ಣುಮಕ್ಕಳ ಬದುಕಿನ ಚರಿತ್ರೆಯ ಒಂದು ಅಧ್ಯಾಯ ಸಿದ್ಧವಾಗುತ್ತದೆ.