ನಾಯಿಮರಿಯೂ ಮನೆಯ ಲೆಕ್ಕವೂ

ಚಿಕ್ಕ ಜಾತಿಯ ನಾಯಿಯೊಂದನ್ನು ಸಾಕಬೇಕೆಂಬ ಆಸೆಯು ಪಟ್ಟಣವಾಸಿಗಳಾದ ಗೃಹಸ್ಥರಲ್ಲಿ ಬಹುವಾಗಿ ಕಂಡುಬರುತ್ತಿದೆ. ಪೊಮೆರೇನಿಯನ್, ಪಗ್, ಡ್ಯಾಷ್‌ಹಂಡ್ ಮೊದಲಾದವುಗಳಿಗೆ ವಿಶಾಲವಾದ ಅಂಗಳವು ಬೇಡ. ಆಹಾರವೂ ಅಲ್ಪವೇ ಸಾಕು. ಆದುದರಿಂದ ಮರಿಯ ಬೆಲೆಯನ್ನೂ ಅದರ ಊಟದ ವೆಚ್ಚವನ್ನೂ ಎಣಿಸಿದೊಡನೆ ಲೆಕ್ಕವು ಮುಗಿಯಿತೆಂದು ಹಲವರು ಭಾವಿಸುವರು. ಆದರೆ ಮರಿಯ ಬೆಲೆಯನ್ನು ಕೊಡುವುದು ಒಂದೇ ಸಲ. ವೈದ್ಯರಿಗೆ ಕೊಡುವುದು ಅದರ ಆಯುಸ್ಸು ಇರುವವರೆಗೆ. ಚಿಕ್ಕ ನಾಯಿಗಳು ಸಾಮಾನ್ಯವಾಗಿ 12ರಿಂದ 15 ವರ್ಷ ಬಾಳುವುವು. ಇಂದು ಮರಿಗಾಗಿ ಹಟ ಹಿಡಿದ ಬಾಲಕನು ಕಾಲೇಜನ್ನು ಸೇರುವ ಕಾಲಕ್ಕೂ ಈ ಹೊಣೆಯು ಮನೆಯ ಮೇಲೆಯೇ ಇರುವುದು.

ಈ ವೆಚ್ಚವನ್ನು ನಾವು ಮೂರು ಬಗೆಯಾಗಿ ವಿಂಗಡಿಸಬಹುದು: ಮೊದಲ ವರ್ಷದ ವೆಚ್ಚ, ವರ್ಷವರ್ಷವೂ ಬರುವ ವೆಚ್ಚ, ಹೇಳದೆ ಕೇಳದೆ ಬರುವ ವೆಚ್ಚ.

ಮೊದಲ ವರ್ಷದಲ್ಲಿ ಲಸಿಕೆಗಳೇ ಮುಖ್ಯವಾದವು. ಮರಿಗೆ 6ರಿಂದ 8 ವಾರಗಳಾದಾಗ ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳಿಗೆ ಲಸಿಕೆಯನ್ನು ಆರಂಭಿಸಿ, 16 ವಾರಗಳು ತುಂಬುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪುನಃ ಹಾಕಿಸಬೇಕು. ತಾಯಿಯಿಂದ ಬಂದ ರಕ್ಷಣಶಕ್ತಿಯು ಲಸಿಕೆಯ ಕೆಲಸಕ್ಕೆ ಅಡ್ಡಿಯಾಗಬಹುದಾದ ಕಾರಣ ಒಂದೇ ಸಲ ಹಾಕಿಸಿ ನಿಶ್ಚಿಂತರಾಗಲಾಗದು. ಪಾರ್ವೊ ತಗುಲಿದ ಮರಿಯು ವಾಂತಿ, ರಕ್ತಭೇದಿಗಳಿಂದ ಕೆಲವೇ ದಿನಗಳಲ್ಲಿ ಸಾಯಬಹುದು. ಆಗ ಆಸ್ಪತ್ರೆಯಲ್ಲಿಟ್ಟು ಚಿಕಿತ್ಸೆ ಮಾಡಿಸುವ ವೆಚ್ಚದ ಮುಂದೆ ಲಸಿಕೆಯ ಬೆಲೆಯು ಏನೂ ಅಲ್ಲ.

ಮೂರು ತಿಂಗಳಾದ ಮೇಲೆ ರೇಬೀಸ್ ಎಂಬ ಹುಚ್ಚುನಾಯಿ ರೋಗದ ಲಸಿಕೆಯು ಅವಶ್ಯಕ. ಈ ರೋಗದ ಲಕ್ಷಣಗಳು ತೋರಿದ ಬಳಿಕ ಮನುಷ್ಯನಿಗಾಗಲಿ ನಾಯಿಗಾಗಲಿ ಬದುಕುವ ಆಸೆಯು ಇಲ್ಲವೆಂದೇ ಹೇಳಬೇಕು. ಇಲ್ಲಿ ಮಿತವ್ಯಯವು ಸಲ್ಲದು. ಇದು ಮನೆಯ ಮಕ್ಕಳ ಪ್ರಾಣದ ಪ್ರಶ್ನೆ. ಜಂತುನಾಶಕ ಔಷಧವನ್ನೂ ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಕೊಡಿಸಬೇಕಾಗುವುದು. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸುವುದಾದರೆ ಅದನ್ನೂ ಎಣಿಸತಕ್ಕದ್ದು. ಹೆಣ್ಣುನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವುಂಟು. ಮೊದಲೇ ಮಾಡಿಸಿದ ಶಸ್ತ್ರಚಿಕಿತ್ಸೆಯು ಇದನ್ನು ತಪ್ಪಿಸುವುದು.

ಎರಡನೆಯ ಬಗೆಯಲ್ಲಿ ರೇಬೀಸ್ ಮೊದಲಾದ ಲಸಿಕೆಗಳ ನವೀಕರಣ, ಜಂತುನಾಶಕ, ಉಣ್ಣೆಗಳ ನಿವಾರಣೆ ಇವು ಸೇರುವುವು. ನಮ್ಮ ಬೆಚ್ಚನೆಯ ಹವೆಯಲ್ಲಿ ರಕ್ತ ಹೀರುವ ಉಣ್ಣೆಗಳ ಕಾಟವು ಬಹುಕಾಲ ಇರುವುದು. ಅವುಗಳಿಂದ ಹರಡುವ ಎರ್ಲಿಕಿಯ, ಬೆಬೀಸಿಯ ಜ್ವರಗಳು ಪ್ರಾಣಾಂತಿಕವಾಗಬಹುದು. ಚಿಕ್ಕ ಬಾಯಿಯಲ್ಲಿ ಹಲ್ಲುಗಳು ಒತ್ತಾಗಿರುವುದರಿಂದ ಪಾಚಿಕಟ್ಟಿ ವಸಡು ಕೆಡುವುದೂ ಈ ಜಾತಿಗಳಲ್ಲಿ ಹೆಚ್ಚು. ಅರಿವಳಿಕೆ ಕೊಟ್ಟು ಹಲ್ಲನ್ನು ಶುದ್ಧಿಮಾಡಿಸುವುದು ಅಗ್ಗದ ಕೆಲಸವಲ್ಲ.

ಮೂರನೆಯ ಬಗೆಯೇ ಗೃಹಸ್ಥನನ್ನು ಕಂಗೆಡಿಸುವುದು. ಪೊಮೆರೇನಿಯನ್ನಿನ ಮೊಣಕಾಲ ಚಿಪ್ಪು ಜರುಗಬಹುದು. ಡ್ಯಾಷ್‌ಹಂಡಿನ ಬೆನ್ನೆಲುಬಿಗೆ ಪೆಟ್ಟು ಬೀಳಬಹುದು. ಪಗ್ಗಿಗೆ ಬೇಸಗೆಯಲ್ಲಿ ಉಸಿರೇ ಕಷ್ಟವಾಗಬಹುದು. ಚಾಕೊಲೇಟು, ಈರುಳ್ಳಿ, ಒಣದ್ರಾಕ್ಷಿಗಳು ನಾಯಿಗೆ ವಿಷ. ಸಣ್ಣ ದೇಹಕ್ಕೆ ಸ್ವಲ್ಪವೇ ಸಾಕು. ಹಣ ಉಳಿಸುವೆವೆಂದು ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಎಂದಿಗೂ ಕೊಡಬಾರದು.

ಹಾಗಾದರೆ ಮಾಡತಕ್ಕದ್ದೇನು? ಮರಿಯನ್ನು ತರುವುದಕ್ಕೆ ಮೊದಲೇ ಸಮೀಪದ ಪಶುವೈದ್ಯರನ್ನು ಕಂಡು, ಮೇಲೆ ಹೇಳಿದ ಒಂದೊಂದರ ದರವನ್ನೂ ಕೇಳಿ ಬರೆದುಕೊಳ್ಳಿರಿ. ವರ್ಷದ ಖಚಿತ ವೆಚ್ಚವು 9,600 ರೂಪಾಯಿಯೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ತಿಂಗಳಿಗೆ 800 ಆಯಿತು. ಅಷ್ಟೇ ಮೊತ್ತವನ್ನು ಆಪತ್ತಿಗೆಂದು ಬೇರೆಯಾಗಿ ಇಡುತ್ತ ಬಂದರೆ ಮೂರು ವರ್ಷಗಳಲ್ಲಿ 28,800 ರೂಪಾಯಿ ಕೂಡುವುದು. ಮರಿಯನ್ನು ತರುವ ಆರು ತಿಂಗಳು ಮೊದಲೇ ಈ ಹಣವನ್ನು ತೆಗೆದಿಡಲು ತೊಡಗುವುದು ಒಳ್ಳೆಯ ಪರೀಕ್ಷೆ. ಅದು ಭಾರವೆನಿಸಿದರೆ ನಾಯಿಯೂ ಭಾರವೇ ಆಗುವುದು. ಸರಕಾರದ ಪಶುಚಿಕಿತ್ಸಾಲಯಗಳನ್ನೂ, ಬೆಂಗಳೂರಿನವರಾದರೆ 1958ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೂ ವಿಚಾರಿಸಿರಿ. ನಾಯಿಗಳಿಗೆ ವಿಮೆಯೂ ಉಂಟು. ಆದರೆ ಮೊದಲೇ ಇದ್ದ ರೋಗಗಳಿಗೆ ಅದು ಸಾಮಾನ್ಯವಾಗಿ ಸಲ್ಲದು. ಕರಾರನ್ನು ಪೂರ್ತಿಯಾಗಿ ಓದದೆ ಸಹಿ ಹಾಕಬೇಡಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುವುದು. ಕೈ ಬರಿದಾದಾಗ ಕಾಯಿಲೆಯ ನಾಯಿಯನ್ನು ಬೀದಿಗೆ ಬಿಡುವವರೂ ಇದ್ದಾರೆ. ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಒಪ್ಪಿಸಿ ತ್ಯಜಿಸುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಮೇರೆಗೆ ಅಪರಾಧ. ಕಾಯಿದೆಯಿಲ್ಲದಿದ್ದರೂ ಅದು ನಂಬಿದ ಜೀವಕ್ಕೆ ಮಾಡುವ ದ್ರೋಹವೇ ಸರಿ. ಲೆಕ್ಕವು ಕೂಡದಿದ್ದರೆ ಮಕ್ಕಳಿಗೆ ಕಾರಣವನ್ನು ತಿಳಿಯಹೇಳಿ ಒಂದೆರಡು ವರ್ಷ ತಡೆಯುವುದರಲ್ಲಿ ಅವಮಾನವೇನೂ ಇಲ್ಲ. ಲೆಕ್ಕವು ಕೂಡಿದರೆ ಮರಿಯನ್ನು ಸಂತೋಷದಿಂದ ಮನೆತುಂಬಿಸಿಕೊಳ್ಳಿರಿ.