ಪಿತ್ತಕೋಶದ ಆಪರೇಷನ್ ಆದಮೇಲೆ ಹೊಲಕ್ಕೆ ಯಾವಾಗ?

ಪಿತ್ತಕೋಶದಲ್ಲಿ ಕಲ್ಲಾಗಿ ನೋವು ಬಂದವರಿಗೆ ಈಗ ಹೊಟ್ಟೆ ಉದ್ದಕ್ಕೆ ಕೊಯ್ಯೋದು ಕಡಿಮೆ. ಮೂರ್ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಪರದೆ ನೋಡ್ತಾ ಕೋಶವನ್ನೇ ತೆಗೀತಾರೆ. ಜರ್ಮನಿಯಲ್ಲಿ 1985ರಲ್ಲಿ ಡಾ. ಎರಿಕ್ ಮ್ಯೂಹೆ ಇದನ್ನು ಮೊದಲು ಮಾಡಿದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉಡ್ವಾಡಿಯಾ ಶುರು ಮಾಡಿದರು.

ಗಾಯ ಸಣ್ಣದು ಅಂತ ಅರವತ್ತು ದಾಟಿದ ಕೆಲವರು ವಾರಕ್ಕೇ ಮೂಟೆಗೆ ಹೆಗಲು ಕೊಡ್ತಾರೆ. ಇನ್ನು ಕೆಲವರನ್ನು ಮನೆಯವರು ಬಾಣಂತಿ ಥರ ಮಲಗಿಸ್ತಾರೆ. ಎರಡೂ ಕೆಡುಕೇ. ಭಾರ ಎತ್ತಿದರೆ ತೂತಿನ ಜಾಗದಲ್ಲಿ ಹರ್ನಿಯಾ ಆಗಬಹುದು. ಮಲಗೇ ಇದ್ದರೆ ಕಾಲಿನ ಕಸುವು ಇಳಿಯುತ್ತೆ, ಎದೆಯಲ್ಲಿ ಕಫ ಕಟ್ಟುತ್ತೆ, ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಡಾಕ್ಟರು ಕಾಯಬಹುದು ಅಂದರೆ ಸುಗ್ಗಿ ಮುಗಿಸಿ, ಮುಂಗಾರು ಬಿತ್ತನೆಗೆ ಎರಡು ತಿಂಗಳು ಮೊದಲು ದಿನ ಗೊತ್ತುಮಾಡಿಕೊಳ್ಳಿ. ಜ್ವರ, ಕಾಮಾಲೆ, ಬಿಡದ ನೋವು ಇದ್ದರೆ ಮಾತ್ರ ಸುಗ್ಗಿ ನೋಡಬೇಡಿ, ತಕ್ಷಣ ಹೋಗಿ. ಬೀಡಿ ಸೇದುವವರು ಕಡೇಪಕ್ಷ ನಾಲ್ಕು ವಾರ ಮೊದಲೇ ಬಿಡಬೇಕು. ಬಿಪಿ, ಸಕ್ಕರೆ, ರಕ್ತ ತೆಳು ಮಾಡುವ ಮಾತ್ರೆ ಎಲ್ಲಾ ಡಾಕ್ಟರಿಗೆ ತೋರಿಸಿ. ನೀವಾಗೇ ನಿಲ್ಲಿಸಬೇಡಿ.

ನಮ್ಮಣ್ಣನಿಗೆ 67 ವರ್ಷ. ಆಪರೇಷನ್ ಆದ ಸಂಜೆಯೇ ನರ್ಸಮ್ಮ ಎಬ್ಬಿಸಿ ನಡೆಸಿದರು. ಅತ್ತಿಗೆಗೆ ಗಾಬರಿ. ಆದರೆ ಬೇಗ ನಡೆದಷ್ಟೂ ಒಳ್ಳೇದು. ಹೆಗಲು ನೋಯುತ್ತೆ ಅಂದ. ಒಳಗೆ ಜಾಗ ಆಗಲಿ ಅಂತ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿರ್ತಾರೆ, ಅದರ ನೋವು ಅದು. ಕೆಲವು ದಿನದಲ್ಲಿ ಹೋಯಿತು. ರಾತ್ರಿ ಮಾತ್ರ ಎಲ್ಲಿದ್ದೀನಿ ಅಂತಲೇ ತಿಳಿಯದೆ ಏನೇನೋ ಮಾತಾಡಿದ. ಆಪರೇಷನ್ ಆದ ವಯಸ್ಸಾದವರಿಗೆ ಹೀಗಾಗೋದುಂಟು. ಗಾಳಿ ಸೋಕಿದ್ದಲ್ಲ. ಕೂಡಲೇ ನರ್ಸಿಗೆ ಹೇಳಬೇಕು. ಕನ್ನಡಕ ಹಾಕಿಸಿ, ಮನೆಯವರೊಬ್ಬರು ಪಕ್ಕದಲ್ಲಿ ಕೂತು ಸಮಾಧಾನವಾಗಿ ಮಾತಾಡಬೇಕು.

ಪಥ್ಯ ಅಂತ ಬರೀ ಗಂಜಿ ಕೊಟ್ಟರೆ ಶಕ್ತಿ ಬರೋದಿಲ್ಲ. ಬೇಳೆ, ಕಾಳು, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ ಕೊಡಿ. ಕರಿದದ್ದು ಕೆಲವು ವಾರ ಕಡಿಮೆ ಇರಲಿ. ತಿಣುಕದಂತೆ ನೀರು, ಸೊಪ್ಪು ಬೇಕು.

ಮೊದಲ ವಾರ ಮನೆ ಅಂಗಳದಲ್ಲಿ ಓಡಾಟ. ಆಮೇಲೆ ಹೊಲದ ಬದುವಿನ ತನಕ ನಡಿಗೆ. ತುಂಬಿದ ಕೊಡ, ಮೂಟೆ, ಕುಂಟೆ, ನೇಗಿಲು ನಾಲ್ಕರಿಂದ ಆರು ವಾರ ಬೇಡ. ಡಾಕ್ಟರು ಇನ್ನೂ ಹೆಚ್ಚು ಹೇಳಿದರೆ ಅದೇ ಲೆಕ್ಕ.

ಜ್ವರ, ಕಣ್ಣು ಹಳದಿ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ತೂತಿನಲ್ಲಿ ಕೀವು, ಒಂದೇ ಕಾಲು ಊದೋದು, ಉಸಿರು ಕಟ್ಟೋದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.

ಆಸ್ಪತ್ರೆ ದುಡ್ಡಿನ ಜೊತೆಗೆ ಮುಯ್ಯಾಳನ್ನೂ ಮೊದಲೇ ಗೊತ್ತುಮಾಡಿ. ದನಕ್ಕೆ ನೀರು ಸೇದೋರು, ಮೇವು ಹೊರೋರು ಇದ್ದರೆ ಮಾತ್ರ ರೈತ ಸುಮ್ಮನೆ ಕೂರೋದು.